ಸೆನ್ಸಿಟಿವಿಟಿ ಟೆಸ್ಟ್ ಸರಿಯಾಗಿ ಮಾಡುವುದು ಹೇಗೆ: ಕಾಲೊನಿ ಆರಿಸುವುದರಿಂದ ರಿಪೋರ್ಟ್ ಬರೆಯುವವರೆಗೆ

ಸೆನ್ಸಿಟಿವಿಟಿ ಟೆಸ್ಟ್ ಮಾಡಿದ ಪ್ಲೇಟನ್ನು ಕಪ್ಪು ಹಿನ್ನೆಲೆಯ ಮೇಲೆ ಹಿಡಿದು ನೋಡಿದ್ದೀರಾ? ಪ್ಲೇಟ್ ತುಂಬ ತೆಳುವಾಗಿ ಹರಡಿದ ಬ್ಯಾಕ್ಟೀರಿಯಾ. ಅದರ ನಡುವೆ ಆಂಟಿಬಯಾಟಿಕ್ ಹೀರಿಸಿದ ಪುಟ್ಟ ಕಾಗದದ ಡಿಸ್ಕ್‌ಗಳು. ಕೆಲವು ಡಿಸ್ಕ್‌ಗಳ ಸುತ್ತ ಏನೂ ಬೆಳೆಯದ ದುಂಡನೆಯ ಖಾಲಿ ಜಾಗ. ಅದನ್ನೇ ಝೋನ್ ಅನ್ನುತ್ತೇವೆ. ಅದನ್ನು ಅಳೆದು, ಕೋಷ್ಟಕ ನೋಡಿ, ರಿಪೋರ್ಟಿನಲ್ಲಿ ಒಂದು ಅಕ್ಷರ ಬರೆಯುತ್ತೇವೆ. ಎಸ್ ಅಂದರೆ ಬ್ಯಾಕ್ಟೀರಿಯಾ ಆ ಮದ್ದಿಗೆ ಬಗ್ಗುತ್ತದೆ. ಆರ್ ಅಂದರೆ ಜಗ್ಗುವುದಿಲ್ಲ. ಆ ಅಕ್ಷರ ನೋಡಿಯೇ ಡಾಕ್ಟರು ಔಷಧ ಮುಂದುವರಿಸುತ್ತಾರೆ ಅಥವಾ ಬದಲಿಸುತ್ತಾರೆ.

ಹೊಸದಾಗಿ ಲ್ಯಾಬಿಗೆ ಬಂದವರಿಗೆ ನಾನು ಮೊದಲು ಹೇಳುವ ಮಾತು ಇದು: ಅಳತೆ ನಮ್ಮದು, ಕೋಷ್ಟಕ ಇನ್ನೊಬ್ಬರದು. 20 ಮಿ.ಮೀ. ಅನ್ನುವ ಅಂಕಿಗೆ ತನ್ನಷ್ಟಕ್ಕೇ ಅರ್ಥವಿಲ್ಲ. ಕೋಷ್ಟಕ ಮಾಡಿದವರು ಇಂತಿಷ್ಟೇ ದಪ್ಪದ ಅಗಾರ್ (ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿ), ಇಂತಿಷ್ಟೇ ಬ್ಯಾಕ್ಟೀರಿಯಾ, ಇಂತಿಷ್ಟೇ ಹೊತ್ತು ಎಂದು ಲೆಕ್ಕ ಇಟ್ಟು ಅಳೆದಿದ್ದಾರೆ. ನಾವೂ ಹಾಗೇ ಮಾಡಿದರೆ ಮಾತ್ರ ನಮ್ಮ 20 ಅವರ 20ಕ್ಕೆ ಸಮ. 1966ರಲ್ಲಿ ಬಾಯರ್, ಕಿರ್ಬಿ ಮತ್ತು ಅವರ ಸಂಗಡಿಗರು ಪ್ರಕಟಿಸಿದ ವಿಧಾನದ ದೊಡ್ಡ ಕೊಡುಗೆಯೇ ಇದು. ಡಿಸ್ಕ್ ಇಡುವ ಪದ್ಧತಿ ಅದಕ್ಕೂ ಮೊದಲೇ ಇತ್ತು. ಆದರೆ ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಿದ್ದರು. ಎಲ್ಲರೂ ಒಂದೇ ರೀತಿ ಮಾಡುವಂತೆ ಅವರು ದಾರಿ ಹಾಕಿಕೊಟ್ಟರು.

ಮೊದಲು ಕಾಲೊನಿ

ರಾತ್ರಿ ಇನ್‌ಕ್ಯುಬೇಟ್ ಮಾಡಿದ ತಾಜಾ ಪ್ಲೇಟಿನಿಂದಲೇ ಶುರು ಮಾಡಿ. ಹಳೆಯ ಕಾಲೊನಿಯಲ್ಲಿ, ಅಂದರೆ ಪ್ಲೇಟಿನ ಮೇಲೆ ಚುಕ್ಕೆಯಂತೆ ಕಾಣುವ ಬ್ಯಾಕ್ಟೀರಿಯಾ ಗುಂಪಿನಲ್ಲಿ, ಸತ್ತ ಬ್ಯಾಕ್ಟೀರಿಯಾ ಜಾಸ್ತಿ ಇರುತ್ತದೆ. ನೋಡಲು ಒಂದೇ ಥರ ಇರುವ, ಬಿಡಿಬಿಡಿಯಾಗಿ ಬೆಳೆದ 3ರಿಂದ 5 ಕಾಲೊನಿಗಳ ತುದಿಯನ್ನು ಲೂಪಿನಿಂದ ಮುಟ್ಟಿ ತೆಗೆಯಿರಿ. ಒಂದೇ ಕಾಲೊನಿ ಸಾಕಲ್ವಾ ಅನ್ನಿಸಬಹುದು. ಸಾಲದು. ಆ ಒಂದು ಕಾಲೊನಿ ಅಕಸ್ಮಾತ್ ತನ್ನ ನಿರೋಧಕ ಗುಣ ಕಳೆದುಕೊಂಡಿದ್ದರೆ ರೋಗಿಯ ದೇಹದಲ್ಲಿರುವ ಉಳಿದ ಬ್ಯಾಕ್ಟೀರಿಯಾದ ನಿಜ ಗುಣ ನಮಗೆ ಕಾಣುವುದಿಲ್ಲ.

ಎರಡು ಜಾತಿ ಬೆರೆತಿದ್ದರೆ ಟೆಸ್ಟ್ ಮಾಡಲೇಬೇಡಿ. ಮತ್ತೆ ಸ್ಟ್ರೀಕ್ ಮಾಡಿ (ಹೊಸ ಪ್ಲೇಟಿನ ಮೇಲೆ ಲೂಪಿನಿಂದ ಗೆರೆ ಎಳೆದು), ಬೇರ್ಪಡಿಸಿ, ಒಂದು ದಿನ ಕಾಯಿರಿ. ಒಂದು ದಿನ ತಡವಾದ ರಿಪೋರ್ಟಿಗಿಂತ ತಪ್ಪು ರಿಪೋರ್ಟಿನಿಂದ ರೋಗಿಗೆ ಆಗುವ ಹಾನಿ ದೊಡ್ಡದು. ಬ್ಯಾಕ್ಟೀರಿಯಾ ಯಾವ ಜಾತಿ ಎಂದು ಗುರುತಿಸುವುದೂ ಇಲ್ಲೇ ಆಗಬೇಕು, ಏಕೆಂದರೆ ಕೋಷ್ಟಕ ಒಂದೊಂದು ಗುಂಪಿಗೆ ಒಂದೊಂದು.

ಅಗಾರ್: ಕಾಣದ ಕಡೆ ಆಗುವ ತಪ್ಪು

ಇದಕ್ಕೆ ಬಳಸುವುದು ಮುಲ್ಲರ್-ಹಿಂಟನ್ ಅಗಾರ್. 1941ರಲ್ಲಿ ಜಾನ್ ಹೋವರ್ಡ್ ಮುಲ್ಲರ್ ಮತ್ತು ಜೇನ್ ಹಿಂಟನ್ ಇದನ್ನು ನೈಸೀರಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಸಲೆಂದು ತಯಾರಿಸಿದ್ದರು. ಸೆನ್ಸಿಟಿವಿಟಿ ಟೆಸ್ಟಿಗೆ ಇದು ಒದಗಿ ಬಂದದ್ದು ಆಮೇಲೆ. ಸಲ್ಫಾ ಮತ್ತು ಟ್ರೈಮೆಥೊಪ್ರಿಮ್ ಔಷಧಗಳ ಕೆಲಸಕ್ಕೆ ಅಡ್ಡ ಬರುವ ಥೈಮಿಡಿನ್‌ನಂಥ ವಸ್ತುಗಳು ಇದರಲ್ಲಿ ಕಡಿಮೆ. ಅದೇ ಇದರ ದೊಡ್ಡ ಅನುಕೂಲ.

ಅಗಾರಿನ ದಪ್ಪ 4 ಮಿ.ಮೀ. ಇರಬೇಕು. 100 ಮಿ.ಮೀ. ಪ್ಲೇಟಿಗೆ 25ರಿಂದ 30 ಮಿ.ಲೀ., 150 ಮಿ.ಮೀ. ಪ್ಲೇಟಿಗೆ 60ರಿಂದ 70 ಮಿ.ಲೀ. ಹಿಡಿಯುತ್ತದೆ. ಔಷಧ ಡಿಸ್ಕಿನಿಂದ ಪಕ್ಕಕ್ಕಷ್ಟೇ ಅಲ್ಲ, ಕೆಳಕ್ಕೂ ಇಳಿಯುತ್ತದೆ. ಅಗಾರ್ ದಪ್ಪವಾದರೆ ಕೆಳಗೆ ಇಳಿದದ್ದೇ ಜಾಸ್ತಿಯಾಗಿ ಝೋನ್ ಚಿಕ್ಕದಾಗುತ್ತದೆ. ತೆಳ್ಳಗಾದರೆ ಝೋನ್ ಹಿಗ್ಗುತ್ತದೆ. ಮೇಜು ಓರೆಯಾಗಿದ್ದರೆ ಒಂದೇ ಪ್ಲೇಟಿನಲ್ಲಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗುತ್ತದೆ. ನಾನು ಕೆಲಸ ಕಲಿಯುವಾಗ ಒಂದು ವಾರ ಝೋನ್‌ಗಳು ಯಾಕೋ ಮೊಟ್ಟೆಯ ಆಕಾರಕ್ಕೆ ಬರುತ್ತಿದ್ದವು. ಡಿಸ್ಕ್ ಬದಲಿಸಿದೆ, ಸ್ವಾಬ್ ಬದಲಿಸಿದೆ. ಕೊನೆಗೆ ನೀರುಮಟ್ಟ ಇಟ್ಟು ನೋಡಿದರೆ ಅಗಾರ್ ಸುರಿಯುವ ಮೇಜೇ ವಾಲಿತ್ತು. ಅಂದಿನಿಂದ ಪ್ರತಿ ಬ್ಯಾಚಿನಲ್ಲಿ ಒಂದು ಪ್ಲೇಟ್ ಕೊಯ್ದು ದಪ್ಪ ಅಳೆಯುವುದನ್ನು ಬಿಟ್ಟಿಲ್ಲ.

ಪಿಎಚ್ 7.2ರಿಂದ 7.4ರ ನಡುವೆ ಇರಲಿ. ತಣ್ಣಗಾದ ಮೇಲೆ ನೋಡಿ, ಬಿಸಿಯಿದ್ದಾಗ ಅಲ್ಲ. ಪಿಎಚ್ ಇಳಿದರೆ ಜೆಂಟಮೈಸಿನ್, ಎರಿಥ್ರೋಮೈಸಿನ್‌ನಂಥವು ಸಪ್ಪೆಯಾಗುತ್ತವೆ, ಟೆಟ್ರಾಸೈಕ್ಲಿನ್ ಮಾತ್ರ ಇಲ್ಲದ ಶಕ್ತಿ ತೋರಿಸುತ್ತದೆ. ಅಗಾರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿಯಾದರೆ ಸ್ಯೂಡೊಮೊನಾಸ್ ಮೇಲೆ ಜೆಂಟಮೈಸಿನ್ ಝೋನ್ ಕುಗ್ಗುತ್ತದೆ, ಕಡಿಮೆಯಾದರೆ ಹಿಗ್ಗುತ್ತದೆ.

ಎಲ್ಲ ಬ್ಯಾಕ್ಟೀರಿಯಾಗಳೂ ಬರೀ ಈ ಅಗಾರಿನಲ್ಲಿ ಬೆಳೆಯುವುದಿಲ್ಲ. ನ್ಯೂಮೊಕಾಕಸ್ ಮತ್ತು ಇತರ ಸ್ಟ್ರೆಪ್ಟೊಕಾಕಸ್‌ಗಳಿಗೆ ರಕ್ತ ಸೇರಿಸಬೇಕು, 5% ಕಾರ್ಬನ್ ಡೈಆಕ್ಸೈಡ್ ಬೇಕು. ಆ ಅನಿಲ ಬೇಡದವನ್ನು ಅದರಲ್ಲಿ ಇಡಬೇಡಿ, ಅಗಾರಿನ ಪಿಎಚ್ ಇಳಿದುಬಿಡುತ್ತದೆ.

ಎಷ್ಟು ಬ್ಯಾಕ್ಟೀರಿಯಾ?

ಕಾಲೊನಿಯನ್ನು ಸಲೈನ್‌ನಲ್ಲಿ ಕದಡಿ 0.5 ಮ್ಯಾಕ್‌ಫರ್ಲೆಂಡ್ ಎಂಬ ಮಬ್ಬಿನ ಮಟ್ಟಕ್ಕೆ ತನ್ನಿ. ಇ. ಕೋಲೈ ಆದರೆ ಇದು ಮಿ.ಲೀ.ಗೆ ಸುಮಾರು 10ರಿಂದ 20 ಕೋಟಿ ಬ್ಯಾಕ್ಟೀರಿಯಾ. ಹೋಲಿಸಿ ನೋಡುವ ಟ್ಯೂಬನ್ನು ನೀವೇ ಮಾಡಿಕೊಳ್ಳಬಹುದು: 1.175% ಬೇರಿಯಂ ಕ್ಲೋರೈಡ್ ಡೈಹೈಡ್ರೇಟ್ ದ್ರಾವಣ 0.5 ಮಿ.ಲೀ., 1% ಸಲ್ಫ್ಯೂರಿಕ್ ಆಸಿಡ್ 99.5 ಮಿ.ಲೀ. ಸ್ಪೆಕ್ಟ್ರೊಫೋಟೊಮೀಟರಿನಲ್ಲಿ 625 ನ್ಯಾನೊಮೀಟರಿಗೆ ಇದರ ಓದು 0.08ರಿಂದ 0.13 ಬರಬೇಕು. ಟ್ಯೂಬನ್ನು ಕತ್ತಲಲ್ಲಿಡಿ, ಬಳಸುವಾಗಲೆಲ್ಲ ಚೆನ್ನಾಗಿ ಕಲಕಿ. ಗಟ್ಟಿಯಾಗಿ ಉಂಡೆ ಕಟ್ಟಿದ್ದರೆ ಎಸೆದು ಹೊಸದು ಮಾಡಿ.

ಕಣ್ಣಿನಿಂದ ಹೋಲಿಸುವವರು ಕಪ್ಪು ಗೆರೆ ಎಳೆದ ಬಿಳಿ ಕಾರ್ಡನ್ನು ಹಿಂದೆ ಹಿಡಿದು ಎರಡೂ ಟ್ಯೂಬ್‌ಗಳಲ್ಲಿ ಗೆರೆ ಒಂದೇ ಥರ ಮಸುಕಾಗುತ್ತದಾ ನೋಡಬೇಕು. ಸುಮ್ನೆ ಅಂದಾಜಿಗೆ ಹಾಕುವುದು ಬೇಡ. ಬ್ಯಾಕ್ಟೀರಿಯಾ ಜಾಸ್ತಿಯಾದರೆ ಝೋನ್ ಕುಗ್ಗಿ, ಒಳ್ಳೆಯ ಔಷಧವೂ ಕೆಲಸಕ್ಕೆ ಬಾರದ್ದು ಎಂದು ಕಾಣುತ್ತದೆ. ಕಡಿಮೆಯಾದರೆ ಅದಕ್ಕಿಂತ ಅಪಾಯ. ಝೋನ್ ಹಿಗ್ಗಿ, ಜಗ್ಗದ ಬ್ಯಾಕ್ಟೀರಿಯಾವನ್ನು ಬಗ್ಗುತ್ತದೆ ಎಂದು ಬರೆದುಬಿಡುತ್ತೇವೆ.

ಹರಡುವುದು, ಡಿಸ್ಕ್ ಇಡುವುದು

ಇಲ್ಲಿಂದ ಗಡಿಯಾರ ನೋಡುತ್ತಲೇ ಇರಬೇಕು. ಯಾಕೆಂದರೆ ಝೋನ್ ಅನ್ನುವುದು ಒಂದು ಓಟದ ಪಂದ್ಯದ ಗುರುತು. ಡಿಸ್ಕಿನಿಂದ ಔಷಧ ಹೊರಗೆ ಹರಡುತ್ತಿರುತ್ತದೆ. ಅದೇ ಹೊತ್ತಿಗೆ ಬ್ಯಾಕ್ಟೀರಿಯಾ ಎರಡಾಗಿ, ನಾಲ್ಕಾಗಿ ಬೆಳೆಯುತ್ತಿರುತ್ತದೆ. ಔಷಧ ಸಾಕಷ್ಟು ಪ್ರಮಾಣದಲ್ಲಿ ತಲುಪುವ ಮೊದಲೇ ಬ್ಯಾಕ್ಟೀರಿಯಾದ ಸಂಖ್ಯೆ ಮಿತಿ ಮೀರಿದ ಕಡೆ ಝೋನಿನ ಅಂಚು ಮೂಡುತ್ತದೆ. ಬ್ಯಾಕ್ಟೀರಿಯಾ ಹರಡಿ ಡಿಸ್ಕ್ ಇಡಲು ತಡ ಮಾಡಿದರೆ ಬ್ಯಾಕ್ಟೀರಿಯಾ ಮುಂದೆ ಓಡಿರುತ್ತದೆ, ಝೋನ್ ಚಿಕ್ಕದು. ಡಿಸ್ಕ್ ಇಟ್ಟ ಪ್ಲೇಟನ್ನು ಮೇಜಿನ ಮೇಲೆ ಮರೆತರೆ ಔಷಧ ಮುಂದೆ ಓಡಿರುತ್ತದೆ, ಝೋನ್ ದೊಡ್ಡದು. ಇದು ತಲೆಯಲ್ಲಿದ್ದರೆ ಮುಂದಿನ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಯೂರೋಪಿನ ಯೂಕ್ಯಾಸ್ಟ್ ಸಂಸ್ಥೆ ಇದನ್ನು ಮೂರು ಸಲ 15 ಎಂದು ಹೇಳಿಕೊಡುತ್ತದೆ. ಕದಡಿದ ದ್ರಾವಣವನ್ನು 15 ನಿಮಿಷದೊಳಗೆ ಪ್ಲೇಟಿಗೆ ಹಚ್ಚಿ. ಹಚ್ಚಿದ 15 ನಿಮಿಷದೊಳಗೆ ಡಿಸ್ಕ್ ಇಡಿ. ಇಟ್ಟ 15 ನಿಮಿಷದೊಳಗೆ ಇನ್‌ಕ್ಯುಬೇಟರಿಗೆ ಹಾಕಿ.

ಫ್ರಿಜ್‌ನಿಂದ ತೆಗೆದ ಪ್ಲೇಟ್ ಕೋಣೆಯ ಬಿಸಿಗೆ ಬರಲಿ, ಮೇಲೆ ನೀರಿನ ಹನಿ ಇರಬಾರದು. ಹತ್ತಿಯ ಸ್ವಾಬನ್ನು ದ್ರಾವಣದಲ್ಲಿ ಅದ್ದಿ, ಟ್ಯೂಬಿನ ಒಳಗೋಡೆಗೆ ಒತ್ತಿ ತಿರುಗಿಸಿ ಹಿಂಡಿ. ಪ್ಲೇಟಿನ ಮೇಲೆ ಒತ್ತೊತ್ತಾಗಿ ಹಚ್ಚಿ. ಪ್ಲೇಟನ್ನು 60 ಡಿಗ್ರಿ ತಿರುಗಿಸಿ ಮತ್ತೊಮ್ಮೆ, ಇನ್ನೂ 60 ಡಿಗ್ರಿ ತಿರುಗಿಸಿ ಮಗದೊಮ್ಮೆ. ಕೊನೆಗೆ ಅಂಚಿನ ಸುತ್ತ ಒಂದು ಸುತ್ತು. ಎಲ್ಲೂ ಬಯಲು ಬಿಡಬೇಡಿ.

ಡಿಸ್ಕಿನ ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ತೆರೆಯಬೇಡಿ. ತಣ್ಣನೆಯ ಡಿಸ್ಕಿನ ಮೇಲೆ ಗಾಳಿಯ ತೇವ ಕೂತು ಔಷಧ ಕೆಡುತ್ತದೆ. ಇಮಿಪೆನೆಮ್ ಮತ್ತು ಕ್ಲಾವುಲನಿಕ್ ಆಸಿಡ್ ಇರುವ ಡಿಸ್ಕ್‌ಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ಡಿಸ್ಕ್‌ಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 24 ಮಿ.ಮೀ. ಅಂತರವಾದರೂ ಇರಲಿ. 150 ಮಿ.ಮೀ. ಪ್ಲೇಟಿಗೆ 12, 100 ಮಿ.ಮೀ. ಪ್ಲೇಟಿಗೆ 5, ಅದಕ್ಕಿಂತ ತುರುಕಬೇಡಿ. ಚಿಮಟದಿಂದ ಮೆಲ್ಲಗೆ ಒತ್ತಿ ಕೂರಿಸಿ. ಒಮ್ಮೆ ಅಗಾರಿಗೆ ತಾಗಿದ ಡಿಸ್ಕನ್ನು ಕದಲಿಸಬಾರದು. ತಾಗಿದ ಗಳಿಗೆಯಲ್ಲೇ ಔಷಧ ಇಳಿಯಲು ಶುರುವಾಗಿರುತ್ತದೆ. ಜಾಗ ತಪ್ಪಿದ್ದರೆ ಬೇರೆ ಕಡೆ ಹೊಸ ಡಿಸ್ಕ್ ಇಡಿ.

ಪ್ಲೇಟ್ ಬೋರಲಾಗಿ ಹಾಕಿ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ಗಂಟೆ ಇಡಿ. ಐದಕ್ಕಿಂತ ಹೆಚ್ಚು ಪ್ಲೇಟ್ ಒಂದರ ಮೇಲೊಂದು ಪೇರಿಸಬೇಡಿ, ನಡುವಿನವಕ್ಕೆ ಬಿಸಿ ತಡವಾಗಿ ತಲುಪುತ್ತದೆ. ಎಂಟೆರೊಕಾಕಸ್ ಮೇಲೆ ವ್ಯಾಂಕೊಮೈಸಿನ್ ನೋಡುವುದಾದರೆ ಪೂರ್ತಿ 24 ಗಂಟೆ ಬೇಕು. ಆ ನಿರೋಧ ನಿಧಾನವಾಗಿ ತಲೆ ಎತ್ತುತ್ತದೆ.

ಝೋನ್ ಓದುವುದು

ಮೊದಲು ಅಳೆಯಬೇಡಿ, ಸುಮ್ನೆ ನೋಡಿ. ಬೆಳವಣಿಗೆ ಸಮವಾಗಿ ಹುಲ್ಲುಹಾಸಿನ ಹಾಗೆ ಕೂಡಿಕೊಂಡಿದೆಯಾ? ಬಿಡಿ ಬಿಡಿ ಕಾಲೊನಿಗಳು ಕಂಡರೆ ಬ್ಯಾಕ್ಟೀರಿಯಾ ಕಡಿಮೆ ಬಿದ್ದಿದೆ. ಆ ಪ್ಲೇಟನ್ನು ಓದಬಾರದು, ಟೆಸ್ಟ್ ಮತ್ತೆ ಮಾಡಬೇಕು.

ಸರಿಯಿದ್ದರೆ ಪ್ಲೇಟನ್ನು ತಿರುಗಿಸಿ, ಕಪ್ಪು ಹಿನ್ನೆಲೆಯ ಮೇಲೆ ಹಿಡಿದು, ಮೇಲಿನಿಂದ ಬೀಳುವ ಬೆಳಕಿನಲ್ಲಿ ಹಿಂಬದಿಯಿಂದ ಅಳೆಯಿರಿ. ರಕ್ತದ ಅಗಾರ್ ಆದರೆ ಮುಚ್ಚಳ ತೆಗೆದು ಮುಂಬದಿಯಿಂದ. ಡಿಸ್ಕಿನ ಅಗಲವೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಝೋನೇ ಇಲ್ಲದಿದ್ದರೆ 6 ಮಿ.ಮೀ. ಎಂದು ಬರೆಯುತ್ತೇವೆ. ಬರಿಗಣ್ಣಿಗೆ ಬೆಳವಣಿಗೆ ನಿಂತ ಕಡೆಯೇ ಅಂಚು, ಭೂತಗನ್ನಡಿ ಬೇಡ.

ಕೆಲವು ಕಡೆ ಕಣ್ಣು ಮೋಸ ಹೋಗುತ್ತದೆ. ಪ್ರೋಟಿಯಸ್ ತೆರೆತೆರೆಯಾಗಿ ಹರಿದು ಝೋನಿನೊಳಗೆ ತೆಳು ಪೊರೆ ಹಾಸುತ್ತದೆ. ಆ ಪೊರೆ ಬಿಟ್ಟು ಅಸಲಿ ಅಂಚು ಅಳೆಯಿರಿ. ಟ್ರೈಮೆಥೊಪ್ರಿಮ್, ಸಲ್ಫಾ ಡಿಸ್ಕ್‌ಗಳ ಸುತ್ತ ಅಂಚು ಮಸುಕಾಗಿರುತ್ತದೆ, ಏಕೆಂದರೆ ಔಷಧ ಹಿಡಿತ ಸಾಧಿಸುವ ಮೊದಲು ಬ್ಯಾಕ್ಟೀರಿಯಾ ಕೆಲವು ಸಲ ಒಡೆದಿರುತ್ತದೆ. ಅಲ್ಲಿಯ ತೆಳುವಾದ ಬೆಳವಣಿಗೆಯನ್ನು ಬಿಟ್ಟು ದಟ್ಟ ಬೆಳವಣಿಗೆಯ ಅಂಚನ್ನು ಹಿಡಿಯಿರಿ. ಆದರೆ ಸ್ಪಷ್ಟವಾದ ಝೋನಿನೊಳಗೆ ಬಿಡಿ ಕಾಲೊನಿಗಳು ಎದ್ದಿದ್ದರೆ ಅವನ್ನು ಬಿಡುವ ಹಾಗಿಲ್ಲ. ಕಲಬೆರಕೆ ಇರಬಹುದು, ಇಲ್ಲವೇ ಅದೇ ಬ್ಯಾಕ್ಟೀರಿಯಾದ ಜಗ್ಗದ ಮರಿಗಳಿರಬಹುದು. ಅವನ್ನು ಬೇರೆ ಬೆಳೆಸಿ, ಗುರುತಿಸಿ, ಟೆಸ್ಟ್ ಮತ್ತೆ ಮಾಡಿ.

ಅಂಕಿಗಿಂತ ಆಕಾರವೇ ಹೆಚ್ಚು ಹೇಳುವ ಸಂದರ್ಭಗಳೂ ಇವೆ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ ಇದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಪ್ಲೇಟಿನಲ್ಲಿ ಎರಿಥ್ರೋಮೈಸಿನ್ ಮತ್ತು ಕ್ಲಿಂಡಮೈಸಿನ್ ಡಿಸ್ಕ್‌ಗಳನ್ನು ಅಂಚಿನಿಂದ ಅಂಚಿಗೆ 15ರಿಂದ 26 ಮಿ.ಮೀ. ದೂರದಲ್ಲಿ ಇಡಿ. ಎರಿಥ್ರೋಮೈಸಿನ್‌ಗೆ ಬ್ಯಾಕ್ಟೀರಿಯಾ ಜಗ್ಗದೆ ಇದ್ದು, ಕ್ಲಿಂಡಮೈಸಿನ್ ಝೋನ್ ಆ ಕಡೆಯ ಬದಿಯಲ್ಲಿ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತೆ ಕಂಡರೆ, ಆ ನಿರೋಧ ಒಳಗೆ ಮಲಗಿತ್ತು, ಎರಿಥ್ರೋಮೈಸಿನ್ ತಾಗಿ ಎದ್ದಿತು ಎಂದರ್ಥ. ಕ್ಲಿಂಡಮೈಸಿನ್ ಝೋನ್ ಎಷ್ಟೇ ದೊಡ್ಡದಿರಲಿ, ಆರ್ ಎಂದೇ ಬರೆಯಿರಿ. ಎರಡು ಡಿಸ್ಕ್‌ಗಳನ್ನು ದೂರ ದೂರ ಇಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಪೆನಿಸಿಲಿನ್ ಡಿಸ್ಕಿನದೂ ಹಾಗೇ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಝೋನ್ ದೊಡ್ಡದಾಗಿದ್ದರೂ ಅಂಚು ಬಂಡೆ ಕಡಿದಂತೆ ಚೂಪಾಗಿದ್ದರೆ ಅದು ಪೆನಿಸಿಲಿನ್ ಒಡೆಯುವ ಕಿಣ್ವ ತಯಾರಿಸುತ್ತಿದೆ. ಅಂಚು ಕಡಲತೀರದ ಮರಳಿನಂತೆ ನಿಧಾನಕ್ಕೆ ಕರಗಿದ್ದರೆ ಆ ಕಿಣ್ವ ಇಲ್ಲ.

ಕಂಟ್ರೋಲ್ ಇಲ್ಲದ ಅಳತೆ ನಂಬಬೇಡಿ

ಉತ್ತರ ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾವನ್ನು ಇದೇ ಅಗಾರ್, ಇದೇ ಡಿಸ್ಕ್‌ಗಳಿಂದ ಪರೀಕ್ಷಿಸುವುದೇ ಕಂಟ್ರೋಲ್. ಇ. ಕೋಲೈ ಎಟಿಸಿಸಿ 25922 (ಎಟಿಸಿಸಿ ಎಂಬ ಬ್ಯಾಕ್ಟೀರಿಯಾ ಸಂಗ್ರಹದ ಸಂಖ್ಯೆ), ಸ್ಟ್ಯಾಫಿಲೊಕಾಕಸ್ ಆರಿಯಸ್ ಎಟಿಸಿಸಿ 25923, ಸ್ಯೂಡೊಮೊನಾಸ್ ಎರುಜಿನೋಸ ಎಟಿಸಿಸಿ 27853 ಎಲ್ಲ ಕಡೆ ಬಳಕೆಯಲ್ಲಿವೆ. ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಕೋಷ್ಟಕದ ಪ್ರಕಾರ 25922ರ ಮೇಲೆ 10 ಮೈಕ್ರೋಗ್ರಾಂ ಜೆಂಟಮೈಸಿನ್ ಡಿಸ್ಕ್ 19ರಿಂದ 26 ಮಿ.ಮೀ. ಕೊಡಬೇಕು. 17 ಬಂದರೆ ಆ ದಿನದ ಜೆಂಟಮೈಸಿನ್ ರಿಪೋರ್ಟ್ ಯಾವುದೂ ಹೊರಗೆ ಹೋಗಬಾರದು.

ಮಿತಿಯೊಳಗಿದ್ದರೂ ಅಂಕಿಗಳನ್ನು ಗ್ರಾಫಿನಲ್ಲಿ ಹಾಕುತ್ತಾ ಹೋಗಿ. 22, 22, 21, 21, 20, 20 ಎಂದು ಇಳಿಯುತ್ತಿದ್ದರೆ ಏನೋ ಕೆಡುತ್ತಿದೆ. ಒಂದೇ ಡಿಸ್ಕ್ ಇಳಿದರೆ ಡಿಸ್ಕ್ ಕೆಟ್ಟಿದೆ. ಎಲ್ಲವೂ ಒಟ್ಟಿಗೆ ಇಳಿದರೆ ಅಗಾರ್ ದಪ್ಪವಾಗಿದೆ ಅಥವಾ ಬ್ಯಾಕ್ಟೀರಿಯಾ ಜಾಸ್ತಿ ಬೀಳುತ್ತಿದೆ. ಜೆಂಟಮೈಸಿನ್ ಇಳಿದು ಟೆಟ್ರಾಸೈಕ್ಲಿನ್ ಏರಿದರೆ ಪಿಎಚ್ ನೋಡಿ. ಕಂಟ್ರೋಲ್ ಬ್ಯಾಕ್ಟೀರಿಯಾವನ್ನು ಪ್ಲೇಟಿನಿಂದ ಪ್ಲೇಟಿಗೆ ತಿಂಗಳುಗಟ್ಟಲೆ ದಾಟಿಸಬೇಡಿ, ಗುಣ ಬದಲಾಗುತ್ತದೆ. ಮೈನಸ್ 70 ಡಿಗ್ರಿಯಲ್ಲಿ ಮೂಲ ಇಟ್ಟುಕೊಂಡು ಆಗಾಗ ಹೊಸದಾಗಿ ತೆಗೆಯಿರಿ.

ಡಿಸ್ಕ್ ಸಾಲದಾಗ: ಎಂಐಸಿ

ಬೆಳವಣಿಗೆಯನ್ನು ತಡೆಯಲು ಬೇಕಾದ ಔಷಧದ ಅತಿ ಕಡಿಮೆ ಪ್ರಮಾಣವೇ ಎಂಐಸಿ. ಎರಡು ಕಡೆ ಇದು ಬೇಕೇ ಬೇಕು. ಸ್ಟ್ಯಾಫಿಲೊಕಾಕಸ್ ಮೇಲೆ ವ್ಯಾಂಕೊಮೈಸಿನ್ ನೋಡುವಾಗ ಡಿಸ್ಕ್ ನಂಬುವಂತಿಲ್ಲ. ಕೊಲಿಸ್ಟಿನ್‌ಗಂತೂ ಇಲ್ಲವೇ ಇಲ್ಲ. ಅದರ ಅಣು ದೊಡ್ಡದು, ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಅದರ ಗ್ರೇಡಿಯಂಟ್ ಪಟ್ಟಿಯೂ (ಉದ್ದಕ್ಕೂ ಔಷಧದ ಪ್ರಮಾಣ ಏರುತ್ತಾ ಹೋಗುವ ಪಟ್ಟಿ) ದಾರಿ ತಪ್ಪಿಸುತ್ತದೆ.

ಎಂಐಸಿ ನೋಡುವ ಬ್ರಾತ್ ಮೈಕ್ರೋಡೈಲ್ಯೂಷನ್ (ದ್ರವದಲ್ಲಿ ಬೆಳೆಸಿ ನೋಡುವ ವಿಧಾನ) ಹೀಗೆ: 96 ಗುಳಿಗಳ ಪ್ಲಾಸ್ಟಿಕ್ ಟ್ರೇಯಲ್ಲಿ, ಕ್ಯಾಲ್ಸಿಯಂ-ಮೆಗ್ನೀಸಿಯಂ ಸರಿಹೊಂದಿಸಿದ ಮುಲ್ಲರ್-ಹಿಂಟನ್ ಬ್ರಾತ್ ಬಳಸಿ, ಔಷಧವನ್ನು ಸಾಲಾಗಿ ಅರ್ಧ ಅರ್ಧ ಮಾಡುತ್ತಾ ಹೋಗಿ. ಮಿ.ಲೀ.ಗೆ 16, 8, 4, 2, 1, 0.5 ಮೈಕ್ರೋಗ್ರಾಂ ಹೀಗೆ. ಬ್ಯಾಕ್ಟೀರಿಯಾ ದ್ರಾವಣ ಸೇರಿದಾಗ ಔಷಧ ಅರ್ಧಕ್ಕಿಳಿಯುತ್ತದೆ, ಆದ್ದರಿಂದ ಮೊದಲೇ ದುಪ್ಪಟ್ಟು ಇರಲಿ. ಪ್ರತಿ ಗುಳಿಯಲ್ಲಿ ಔಷಧ 50 ಮೈಕ್ರೋಲೀಟರ್. 0.5 ಮ್ಯಾಕ್‌ಫರ್ಲೆಂಡ್ ದ್ರಾವಣವನ್ನು ಬ್ರಾತ್‌ನಲ್ಲಿ 100 ಪಟ್ಟು ತೆಳು ಮಾಡಿ ಅದರ 50 ಮೈಕ್ರೋಲೀಟರ್ ಸೇರಿಸಿ. ಕೊನೆಗೆ ಮಿ.ಲೀ.ಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ ಇರಬೇಕು. ಔಷಧವಿಲ್ಲದ ಒಂದು ಗುಳಿ, ಬ್ಯಾಕ್ಟೀರಿಯಾ ಇಲ್ಲದ ಒಂದು ಗುಳಿ ಬಿಡುವುದನ್ನು ಮರೆಯಬೇಡಿ.

5 ಲಕ್ಷ ನಿಜಕ್ಕೂ ಬಿತ್ತಾ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಔಷಧವಿಲ್ಲದ ಗುಳಿಯಿಂದ, ಬ್ಯಾಕ್ಟೀರಿಯಾ ಹಾಕಿದ ಕೂಡಲೇ, 10 ಮೈಕ್ರೋಲೀಟರ್ ತೆಗೆದು 10 ಮಿ.ಲೀ. ಸಲೈನ್‌ಗೆ ಬೆರೆಸಿ. ಅದರ 100 ಮೈಕ್ರೋಲೀಟರನ್ನು ಅಗಾರ್ ಮೇಲೆ ಹರಡಿ. ಮರುದಿನ ಸುಮಾರು 50 ಕಾಲೊನಿ ಎಣಿಸಿದರೆ ಲೆಕ್ಕ ಸರಿ.

35 ಡಿಗ್ರಿಯಲ್ಲಿ 16ರಿಂದ 20 ಗಂಟೆ ಬಿಟ್ಟು ಓದಿ. ವ್ಯಾಂಕೊಮೈಸಿನ್‌ಗೆ ಮಾತ್ರ ಪೂರ್ತಿ 24 ಗಂಟೆ. ಕದಡಿಲ್ಲದ ಗುಳಿಗಳಲ್ಲಿ ಅತಿ ಕಡಿಮೆ ಔಷಧ ಇರುವ ಗುಳಿಯ ಪ್ರಮಾಣವೇ ಎಂಐಸಿ. ನಡುವೆ ಒಂದು ಗುಳಿ ತಿಳಿಯಾಗಿ, ಅದಕ್ಕಿಂತ ಹೆಚ್ಚು ಔಷಧದ ಗುಳಿಯಲ್ಲಿ ಮತ್ತೆ ಬೆಳೆದಿದ್ದರೆ ಕಡಿಮೆ ಅಂಕಿಯನ್ನು ಎಂದೂ ಹಿಡಿಯಬೇಡಿ. ಇಂದು 2 ಬಂದದ್ದು ನಾಳೆ 4 ಬಂದರೆ ಗಾಬರಿ ಬೇಡ. ಒಂದು ಮೆಟ್ಟಿಲು ಆಚೀಚೆ ಈ ವಿಧಾನದಲ್ಲಿ ಸಹಜ.

ವೈಟೆಕ್, ಫೀನಿಕ್ಸ್ ಎಂದು ಕರೆಯುವ ಯಂತ್ರಗಳು ಇದೇ ಕೆಲಸವನ್ನು ಬೇಗ ಮಾಡುತ್ತವೆ. ಯಂತ್ರ ಇದ್ದರೂ ಶುದ್ಧ ಕಾಲೊನಿ, ಸರಿಯಾದ ಮ್ಯಾಕ್‌ಫರ್ಲೆಂಡ್ ನಮ್ಮ ಕೈಯಲ್ಲೇ ಇದೆ.

ಕೋಷ್ಟಕ ಮತ್ತು ರಿಪೋರ್ಟ್

ಗೋಡೆಗೆ ಅಂಟಿಸಿದ ಹಳೆಯ ಕೋಷ್ಟಕವನ್ನು ಇವತ್ತೇ ತೆಗೆಯಿರಿ. ಗಡಿ ಅಂಕಿಗಳು ಬದಲಾಗುತ್ತವೆ. ಇ. ಕೋಲೈ ಮೇಲೆ ಸಿಪ್ರೊಫ್ಲೋಕ್ಸಸಿನ್ ಝೋನ್ 21 ಮಿ.ಮೀ. ಇದ್ದರೆ ಸಿಎಲ್‌ಎಸ್‌ಐ ಮೊದಲು ಎಸ್ ಅನ್ನುತ್ತಿತ್ತು. 2019ರಿಂದ 26 ಮತ್ತು ಮೇಲೆ ಇದ್ದರೆ ಮಾತ್ರ ಎಸ್. 21 ಈಗ ಆರ್. ಪ್ಲೇಟ್ ಅದೇ, ಅಳತೆ ಅದೇ, ಹಳೆಯ ಹಾಳೆ ನೋಡಿದವರ ರೋಗಿಗೆ ಮಾತ್ರ ಕೆಲಸ ಮಾಡದ ಔಷಧ ಹೋಗುತ್ತದೆ. ಸಿಎಲ್‌ಎಸ್‌ಐ ಆಗಲಿ ಯೂಕ್ಯಾಸ್ಟ್ ಆಗಲಿ, ಒಂದನ್ನೇ ಪೂರ್ತಿ ಅನುಸರಿಸಿ. ಒಂದರ ಡಿಸ್ಕ್, ಇನ್ನೊಂದರ ಕೋಷ್ಟಕ ಬೆರೆಸಬೇಡಿ.

ದೊಡ್ಡ ಝೋನ್ ಅಂದರೆ ಒಳ್ಳೆಯ ಔಷಧ ಅನ್ನುವ ನಂಬಿಕೆ ಅನುಭವಿಗಳಲ್ಲೂ ಇದೆ. ಇದು ತಪ್ಪು. ಒಂದೇ ಇ. ಕೋಲೈ ಪ್ಲೇಟಿನಲ್ಲಿ ಜೆಂಟಮೈಸಿನ್ 20, ಸಿಪ್ರೊಫ್ಲೋಕ್ಸಸಿನ್ 24 ಬಂದರೆ, ಚಿಕ್ಕ ಝೋನಿನ ಜೆಂಟಮೈಸಿನ್ ಎಸ್, ದೊಡ್ಡ ಝೋನಿನ ಸಿಪ್ರೊಫ್ಲೋಕ್ಸಸಿನ್ ಐ, ಅಂದರೆ ಎಸ್‌ಗೂ ಆರ್‌ಗೂ ನಡುವಿನದು. ಒಂದೊಂದು ಔಷಧ ಅಗಾರಿನಲ್ಲಿ ಒಂದೊಂದು ವೇಗದಲ್ಲಿ ಹರಡುತ್ತದೆ. ಐ ಅಕ್ಷರದ ಅರ್ಥವೂ ಎಲ್ಲ ಕಡೆ ಒಂದೇ ಅಲ್ಲ. ಯೂಕ್ಯಾಸ್ಟ್ 2019ರಿಂದ ಅದನ್ನು ಹೆಚ್ಚಿನ ಪ್ರಮಾಣ ಕೊಟ್ಟರೆ ಬಗ್ಗುತ್ತದೆ ಎಂಬ ಅರ್ಥದಲ್ಲಿ ಬಳಸುತ್ತಿದೆ. ಅದನ್ನು ರಿಪೋರ್ಟಿನ ಕೆಳಗೆ ಒಂದು ಸಾಲಿನಲ್ಲಿ ಬರೆದರೆ ಡಾಕ್ಟರಿಗೆ ಗೊಂದಲ ಆಗುವುದಿಲ್ಲ.

ಕೆಲವು ಉತ್ತರಗಳನ್ನು ಅಳೆದರೂ ಬರೆಯಬಾರದು. ಸಾಲ್ಮೊನೆಲ್ಲಾ ಪ್ಲೇಟಿನಲ್ಲಿ ಜೆಂಟಮೈಸಿನ್ ಚೆನ್ನಾಗಿ ಕೆಲಸ ಮಾಡಿದಂತೆ ಕಾಣುತ್ತದೆ, ರೋಗಿಯಲ್ಲಿ ಮಾಡುವುದಿಲ್ಲ. ಎಂಟೆರೊಕಾಕಸ್ ಮೇಲೆ ಸೆಫಲೋಸ್ಪೋರಿನ್ ಕೂಡ ಅಷ್ಟೇ. ಕ್ಲೆಬ್ಸಿಯೆಲ್ಲಾ ನ್ಯೂಮೋನಿಯೆ ಹುಟ್ಟಿನಿಂದಲೇ ಆಂಪಿಸಿಲಿನ್‌ಗೆ ಜಗ್ಗದು. ನಿಮ್ಮ ಪ್ಲೇಟಿನಲ್ಲಿ ಅದು ಎಸ್ ಬಂದರೆ ಜಾತಿ ಗುರುತಿಸಿದ್ದರಲ್ಲೇ ತಪ್ಪಿರಬಹುದು, ಹಿಂದಕ್ಕೆ ಹೋಗಿ ನೋಡಿ. ಸ್ಟ್ಯಾಫಿಲೊಕಾಕಸ್ ಆರಿಯಸ್ ಮೇಲೆ 30 ಮೈಕ್ರೋಗ್ರಾಂ ಸೆಫಾಕ್ಸಿಟಿನ್ ಡಿಸ್ಕ್ 21 ಅಥವಾ ಕಡಿಮೆ ಕೊಟ್ಟರೆ ಅದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್. ಆಗ ರಿಪೋರ್ಟಿನಲ್ಲಿ ಸೆಫಾಕ್ಸಿಟಿನ್ ಎಂದಲ್ಲ, ಆಕ್ಸಾಸಿಲಿನ್ ಆರ್ ಎಂದು ಬರೆಯುತ್ತೇವೆ.

ವ್ಯಾಂಕೊಮೈಸಿನ್‌ಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ಅಪರೂಪದ ಉತ್ತರ ಬಂದರೆ ಶುದ್ಧತೆ, ಜಾತಿ, ಎಂಐಸಿ ಮೂರನ್ನೂ ಮತ್ತೆ ನೋಡಿ. ಅದು ಮುಗಿಯುವವರೆಗೆ ಸುಮ್ಮನಿರಬೇಡಿ. ಹೀಗೊಂದು ಕಾಣುತ್ತಿದೆ, ಖಚಿತಪಡಿಸುತ್ತಿದ್ದೇವೆ ಎಂದು ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಪ್ಲೇಟನ್ನು ಎಸೆಯಬೇಡಿ, ಆ ಬ್ಯಾಕ್ಟೀರಿಯಾವನ್ನು ಮೈನಸ್ 70 ಡಿಗ್ರಿಯಲ್ಲಿ ಎತ್ತಿಡಿ.